ಒಂಬತ್ತನೇ ಪ್ಯಾರಾ

ಯಲಹಂಕ
3 ಫೆಬ್ರವರಿ 2020

ಸರಳಾ,

ಈ ವಾರ ಮೂರು ಸಲ ಫೋನ್ ಮಾಡಿದೆ. ನೀನು ತೆಗೆಯಲಿಲ್ಲ. ಐದು ವರ್ಷದಿಂದ ತೆಗೆಯುತ್ತಿಲ್ಲ, ಹೊಸದೇನಲ್ಲ. ಹೆಬ್ಬಾಳದ ಫ್ಲೈಓವರ್ ಖಾಲಿಯಿದ್ದರೆ ಸಂಜಯನಗರ ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಅಷ್ಟು ದೂರದ ತಂಗಿಗೆ ಸ್ಪೀಡ್ ಪೋಸ್ಟ್ ಕಳಿಸುವ ಅಣ್ಣ ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ವಿಷಯಕ್ಕೆ ಬರುತ್ತೇನೆ. ಶಸ್ತ್ರಾಸ್ತ್ರ ಕಾನೂನು ತಿದ್ದಿದ್ದನ್ನು ಪೇಪರಿನಲ್ಲಿ ಓದಿರುತ್ತೀಯ. ಇಷ್ಟು ದಿನ ಲೈಸೆನ್ಸ್ ಇದ್ದವನು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಇನ್ನು ಎರಡೇ. ಮೂರನೆಯದನ್ನು ಡಿಸೆಂಬರಿನೊಳಗೆ ಪೊಲೀಸ್ ಸ್ಟೇಷನ್ನಿಗೋ ಬಂದೂಕಿನ ಡೀಲರಿಗೋ ಒಪ್ಪಿಸಬೇಕಂತೆ. ಡೀಲರ್ ಅಂದರೆ ಯಾರು? ನಾನೇ. ನನ್ನ ಬಂದೂಕನ್ನು ನನಗೇ ಒಪ್ಪಿಸಿ, ನಾನೇ ರಸೀದಿ ಬರೆದು, ನಾನೇ ಸಹಿ ಹಾಕಿಸಿಕೊಳ್ಳಬೇಕು. ಮೊನ್ನೆ ಕಮಿಷನರ್ ಕಚೇರಿಯಲ್ಲಿ ಇದನ್ನು ಹೇಳಿದರೆ ಗುಮಾಸ್ತ ನಗಲೂ ಇಲ್ಲ. "ರೂಲ್ಸ್ ಅಂದ್ರೆ ರೂಲ್ಸು ಸಾರ್" ಎಂದ.

ನನ್ನ ಸ್ವಂತ ಲೈಸೆನ್ಸಿನಲ್ಲಿ ಇರುವುದು ಒಂದು ರಿವಾಲ್ವರ್, ಒಂದು ಜೋಡಿ ನಳಿಗೆ, ಮತ್ತೆ ಅಪ್ಪನ ಒಂಟಿ ನಳಿಗೆ ಬಂದೂಕು. ದ್ರಾಕ್ಷಿ ತೋಟ ಕಾಯುವುದಕ್ಕೆ ಅಪ್ಪ ಇಟ್ಟುಕೊಂಡಿದ್ದು. ತೋಟ ಲೇಔಟ್ ಆಯಿತು, ಅಪ್ಪ ಹೋದರು, ಅದೊಂದು ಉಳಿದಿದೆ. ಪಿತ್ರಾರ್ಜಿತವಾಗಿ ಬಂದದ್ದನ್ನೂ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾರೆ. ಬ್ಯಾಟರಾಯನಪುರದ ಬ್ಯಾಟರಾಯಪ್ಪನವರು, ಇನ್ನಿಬ್ಬರು ಡೀಲರುಗಳು, ನಾನು ಎಲ್ಲ ಸೇರಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತಿದ್ದೇವೆ. ವಕೀಲರು ವಿರೂಪಾಕ್ಷ. ಬಂದೂಕು ಮನೆತನದ್ದು ಎಂದು ತೋರಿಸಲು ವಾರಸುದಾರರ ಹೇಳಿಕೆ ಬೇಕಂತೆ. ನೀನು ಒಂದು ಹಾಳೆಗೆ ಸಹಿ ಹಾಕಿದರೆ ಸಾಕು. ಅರ್ಜಿಯ ಕರಡನ್ನೂ ಇಟ್ಟಿದ್ದೇನೆ. ಓದಲೇಬೇಕೆಂದಿಲ್ಲ.

ಅಪ್ಪನ ಮುಖ ನೋಡಿಯಾದರೂ ಸಹಿ ಮಾಡು.

ನಿನ್ನ ಅಣ್ಣ
ಅನಂತರಾಜು


ಸಂಜಯನಗರ
20 ಫೆಬ್ರವರಿ 2020

ಅಣ್ಣ,

ಸಹಿ ಮಾಡದೆ ವಾಪಸು ಕಳಿಸಿದ್ದೇನೆ. ಫೋನಿನಲ್ಲಿ ಹೇಳಿದ್ದರೆ ಮಧ್ಯದಲ್ಲೇ ನೀನು ಬಾಯಿ ಹಾಕುತ್ತಿದ್ದೆ, ಅದಕ್ಕೆ ಬರೆಯುತ್ತಿದ್ದೇನೆ.

ಓದಬೇಕಿಲ್ಲ ಎಂದಿದ್ದೆ. ಇಪ್ಪತ್ತಮೂರು ವರ್ಷ ಕಚೇರಿಯಲ್ಲಿ ಕಡತ ನೋಡಿದವಳು ಓದದೆ ಇರುತ್ತೇನೆಯೇ? ಒಂಬತ್ತನೇ ಪ್ಯಾರಾದಲ್ಲಿ ನೀನು ಪ್ರಮಾಣ ಮಾಡಿ ಹೇಳಿರುವುದು ಇದು: "ಅರ್ಜಿದಾರರು ಮೂವತ್ತೊಂದು ವರ್ಷಗಳಿಂದ ಬಂದೂಕುಗಳನ್ನು ಬಳಸುತ್ತಿದ್ದು, ಅವರ ಯಾವುದೇ ಬಂದೂಕಿನಿಂದ ಇದುವರೆಗೆ ಯಾರಿಗೂ ಯಾವ ಹಾನಿಯೂ ಆಗಿರುವುದಿಲ್ಲ."

ಯಾರಿಗೂ. ಯಾವ ಹಾನಿಯೂ.

ನೀನು ಮರೆತಿದ್ದರೆ ನಾನೇ ಬರೆಯುತ್ತೇನೆ, ಒಮ್ಮೆಯಾದರೂ ಎಲ್ಲಾದರೂ ಬರೆದಿರಲಿ. 2014ರ ಆಯುಧಪೂಜೆ. ಪುಟ್ಟೇನಹಳ್ಳಿಯ ನಿನ್ನ ಹೊಸ ಮನೆ. ಬಂದೂಕುಗಳಿಗೆ ಕುಂಕುಮ ಇಟ್ಟಾದ ಮೇಲೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತೇನೆಂದು ನೀನು ಅಪ್ಪನ ಬಂದೂಕು ತೆಗೆದುಕೊಂಡೆ. ನಾನು ಒಳಗೆ ಎಲೆ ಹಾಕುತ್ತಿದ್ದೆ. ಆಕಾಶಕ್ಕೆ ಎತ್ತುವ ಮೊದಲೇ ಅದು ಹಾರಿತು. ಕಾಂಪೌಂಡು ಗೋಡೆಗೆ ಬಡಿಯಿತು, ಕಾಂಕ್ರೀಟಿನ ಚೂರು ಸಿಡಿದು ಮೆಟ್ಟಿಲ ಮೇಲಿದ್ದ ನನ್ನ ಮಗಳ, ಕೀರ್ತಿಯ ಎಡಗಣ್ಣಿಗೆ ಹೋಯಿತು. ಅವಳಿಗೆ ಹದಿನಾರು. ಆಸ್ಪತ್ರೆಗೆ ಪೊಲೀಸರು ಬಂದಾಗ, ಮನೆ ಕಟ್ಟುವ ಕೆಲಸ ನಡೆಯುವಾಗ ಕಲ್ಲು ಸಿಡಿಯಿತೆಂದು ನೀನು ಹೇಳಿದೆ. ಕಣ್ಣು ಉಳಿಯಲಿಲ್ಲ.

ನಿನ್ನ ಹೊಸ ಕಾನೂನನ್ನೂ ಪೂರ್ತಿ ಓದಿದೆ. ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಎಂದು ಅದರಲ್ಲೇ ಇದೆ. ನಿನ್ನ ಪತ್ರದಲ್ಲಿ ಆ ಮಾತೇ ಇಲ್ಲ.

ಒಂಬತ್ತನೇ ಪ್ಯಾರಾ ತೆಗೆ. ಆಮೇಲೆ ಸಹಿಯ ಮಾತು.

ಸರಳಾ


ಯಲಹಂಕ
6 ಮಾರ್ಚ್ 2020

ಸರಳಾ,

ಎಷ್ಟು ಸುಲಭವಾಗಿ ಬರೆದುಬಿಟ್ಟೆ! ನಾನೇನು ಬೇಕೆಂದು ಮಾಡಿದೆನೇ? ಟ್ರಿಗರಿನ ಸ್ಪ್ರಿಂಗ್ ಜಾರಿತು ಅಂತ ಆವತ್ತೇ ಹೇಳಿದೆ. ರಿಪೇರಿ ಮಾಡಿದವನು ಗುಲಾಮ್ ರಸೂಲ್. ಇಪ್ಪತ್ತೆರಡು ವರ್ಷ ನನ್ನ ಅಂಗಡಿಯಲ್ಲಿ ಕೆಲಸ ಮಾಡಿದವನನ್ನು ಅದೇ ಕಾರಣಕ್ಕೆ ಬಿಡಿಸಿದೆ. ಇನ್ನೇನು ಮಾಡಬೇಕಿತ್ತು? ಮಗುವನ್ನು ಕಾರಿನಲ್ಲಿ ಹಾಕಿಕೊಂಡು ಓಡಿದವನು ನಾನು. ನಾಲ್ಕು ದಿನ ಆಸ್ಪತ್ರೆಯ ಕುರ್ಚಿಯಲ್ಲಿ ಕೂತಿದ್ದವನು ನಾನು. ಪೊಲೀಸರಿಗೆ ಕೊಟ್ಟ ಆ ಹೇಳಿಕೆಗೆ ನೀನೂ ಸಹಿ ಹಾಕಿದ್ದೀಯ, ಅದನ್ನು ಮಾತ್ರ ಬರೆಯಲಿಲ್ಲ.

ಈಗ ಪ್ಯಾರಾ ತೆಗೆಯಲು ಆಗುವುದಿಲ್ಲ. ಸೋಮವಾರವೇ ಅರ್ಜಿ ಹಾಕಿ ಆಯಿತು. "ಅದೇ ನಮ್ ಕೇಸಿನ ಬೆನ್ನೆಲುಬು ರಾಜಣ್ಣ, ಇವ್ರೆಲ್ಲ ಜವಾಬ್ದಾರಿ ಇರೋ ಜನ ಅಂತ ತೋರಿಸ್ಬೇಕಲ್ವಾ" ಎನ್ನುತ್ತಾರೆ ವಿರೂಪಾಕ್ಷ. ನಾಲ್ಕು ಜನರ ಕೇಸು ಇದು, ನನ್ನೊಬ್ಬನದಲ್ಲ. ನಿನ್ನ ಹಾಳೆ ಇಲ್ಲದೆಯೇ ಹೋಗುತ್ತೇವೆ.

ಲಾಂಗು ಮಚ್ಚಿನಲ್ಲಿ ಹೊಡೆದಾಡುವವರು, ಕಳ್ಳ ಪಿಸ್ತೂಲು ಇಟ್ಟುಕೊಂಡವರು ಆರಾಮಾಗಿದ್ದಾರೆ. ಲೈಸೆನ್ಸ್ ಪುಸ್ತಕ ಹಿಡಿದು ಕಚೇರಿ ಕಚೇರಿ ಅಲೆಯುವವರನ್ನು ಈ ಸರ್ಕಾರ ಹಿಡಿಯುತ್ತದೆ. ಮನೆಯಲ್ಲಿ ನೋಡಿದರೆ ನೀನು.

ಅನಂತರಾಜು


ಸಂಜಯನಗರ
15 ಜೂನ್ 2020

ಅಣ್ಣ,

ಲಾಕ್‌ಡೌನಿನಲ್ಲಿ ಅಂಚೆಯೂ ಇರಲಿಲ್ಲ, ಬರೆಯುವ ಮನಸ್ಸೂ ಇರಲಿಲ್ಲ. ಕಚೇರಿಗೆ ದಿನ ಬಿಟ್ಟು ದಿನ ಹೋಗುತ್ತಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ.

ಹೋದ ವಾರ ಮಿಕ್ಸಿ ಕೆಟ್ಟಿತು. ಆರ್.ಟಿ. ನಗರದಲ್ಲಿ ಒಬ್ಬರು ಚೆನ್ನಾಗಿ ಮಾಡುತ್ತಾರೆಂದು ಪಕ್ಕದ ಮನೆಯವರು ವಿಳಾಸ ಕೊಟ್ಟರು. ಹೋಗಿ ನೋಡಿದರೆ ಗುಲಾಮ್ ರಸೂಲ್. ಮಾಸ್ಕ್ ಹಾಕಿದ್ದರೂ ಗುರುತು ಹಿಡಿದರು. ಕುಕ್ಕರು, ಮಿಕ್ಸಿ, ಫ್ಯಾನುಗಳ ನಡುವೆ ಒಂದು ಸ್ಟೂಲು ಒರೆಸಿ ಕೂರಿಸಿದರು. ಕೀರ್ತಿಯ ಬಗ್ಗೆ ಕೇಳಿದರು. ಸುಮ್ಮನೆ ಬರಬಹುದಿತ್ತು. "ಆ ಸ್ಪ್ರಿಂಗ್ ಸರಿಯಾಗಿ ಹಾಕಿದ್ದರೆ ಹೀಗಾಗುತ್ತಿರಲಿಲ್ಲ" ಅಂದುಬಿಟ್ಟೆ. ಐದೂವರೆ ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು.

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಸ್ಪ್ರಿಂಗಿಗೆ ಏನೂ ಆಗಿರ್ಲಿಲ್ಲ ಅಮ್ಮಾ. ಮಾರನೇ ದಿನ ನಾನೇ ಬಿಚ್ಚಿ ನೋಡ್ದೆ, ಕರೆಕ್ಟಾಗಿತ್ತು. ಸಾರ್‌ಗೂ ತೋರಿಸ್ದೆ. ಪೂಜೆ ದಿನ ನಾನೂ ಅಲ್ಲೇ ಇದ್ದೆ, ಜನ ಇದಾರೆ, ಲೋಡ್ ಮಾಡ್ಬೇಡಿ ಅಂತ ಎರಡು ಸಲ ಹೇಳಿದ್ದೆ. ಸಾರ್ ನಗ್ತಾ ಇದ್ರು."

"ಆವತ್ತೇ ಯಾಕೆ ಹೇಳಲಿಲ್ಲ?" ಎಂದೆ.

"ಯಾರು ಕೇಳಿದ್ರು ಅಮ್ಮಾ? ನೀವೂ ಕೇಳ್ಲಿಲ್ಲ."

ಮಿಕ್ಸಿ ಅಲ್ಲೇ ಬಿಟ್ಟು ಬಂದೆ. ನೀನು ಗುಂಡು ಹಾರಿಸಿದ್ದಕ್ಕೆ ಇಷ್ಟು ವರ್ಷ ಮುನಿಸಿಕೊಂಡಿದ್ದೆ. ಆದರೂ ಯಂತ್ರ ಕೈಕೊಟ್ಟಿತು, ಅಣ್ಣ ತಾನೆ ಏನು ಮಾಡುತ್ತಾನೆ ಎಂದು ಒಂದು ಮೂಲೆಯಲ್ಲಿ ನಿನ್ನ ಪರವಾಗಿಯೂ ಇದ್ದೆ. ಈಗ ಆ ಮೂಲೆಯೂ ಇಲ್ಲ.

ರಸೂಲ್ ಹೇಳಿದ್ದು ನಿಜವೇ? ಇಷ್ಟಕ್ಕೆ ಉತ್ತರ ಬರೆ.

ಸರಳಾ


ಯಲಹಂಕ
28 ಆಗಸ್ಟ್ 2020

ಸರಳಾ,

ತಡವಾಯಿತು. ಈಗ ಕೋರ್ಟು ಕಂಪ್ಯೂಟರಿನಲ್ಲಿ ನಡೆಯುತ್ತದೆ. ನಮ್ಮ ಕೇಸು ಬಂದ ಮೊದಲ ದಿನ ಸರ್ಕಾರದ ವಕೀಲರ ಧ್ವನಿ ಬರಲಿಲ್ಲ. ಎರಡನೆಯ ಸಲ ವಿರೂಪಾಕ್ಷರ ಮನೆಯಲ್ಲಿ ಕರೆಂಟು ಹೋಯಿತು. ನಿನ್ನೆ ಎಲ್ಲ ಸರಿಯಿತ್ತು, ಸರ್ಕಾರದವರು ಉತ್ತರ ಸಲ್ಲಿಸಲು ಇನ್ನೂ ನಾಲ್ಕು ವಾರ ಕೇಳಿದರು, ಕೊಟ್ಟರು. ತಡೆಯಾಜ್ಞೆ ಕೇಳಿದ್ದಕ್ಕೆ ಆಮೇಲೆ ನೋಡೋಣ ಎಂದರು. ಡಿಸೆಂಬರ್ ಮಾತ್ರ ಯಾರಿಗೂ ಕಾಯುವುದಿಲ್ಲ. ಸ್ಟೇಷನ್ನಿನಿಂದ ಎರಡು ಸಲ ಬಂದು ಮೂರನೇ ಬಂದೂಕು ಯಾವಾಗ ಕೊಡುತ್ತೀರಿ ಎಂದು ಕೇಳಿ ಹೋದರು. ಕೇಸು ಕೋರ್ಟಿನಲ್ಲಿದೆ ಎಂದರೆ "ಅದ್ ಅದ್ರ ಪಾಡಿಗೆ ನಡೀಲಿ ಸಾರ್" ಎನ್ನುತ್ತಾರೆ.

ಅಂಗಡಿಯಲ್ಲಿ ವ್ಯಾಪಾರವಿಲ್ಲ. ಬರುವವರೆಲ್ಲ ಬಂದೂಕು ಕೊಟ್ಟು ಹೋಗುವವರೇ. ಒಬ್ಬ ಮುದುಕರು ತಮ್ಮ ಬಂದೂಕನ್ನು ಹಳೇ ಪಂಚೆಯಲ್ಲಿ ಸುತ್ತಿ ತಂದಿದ್ದರು. ಪಂಚೆ ವಾಪಸು ಕೊಡಿ ಎಂದು ಕೇಳಿ ತೆಗೆದುಕೊಂಡು ಹೋದರು.

ರಸೂಲ್ ವಿಷಯ ಈಗ ಬೇಡ.

ಅನಂತರಾಜು


ಸಂಜಯನಗರ
10 ಸೆಪ್ಟೆಂಬರ್ 2020

ಅಣ್ಣ,

"ಈಗ ಬೇಡ" ಎಂದರೆ ನಿಜ ಎಂದೇ ಅರ್ಥ ಮಾಡಿಕೊಂಡೆ.

ನಿನ್ನ ಬಂದೂಕು ಇರಲಿ ಬಿಡಲಿ, ನನಗೆ ಬೇಕಿಲ್ಲ. ಮನೆತನದ ವಸ್ತುವನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ನಿಮ್ಮ ವಾದ ಸರಿಯೂ ಇರಬಹುದು. ಅದನ್ನು ನ್ಯಾಯಾಧೀಶರು ನೋಡಿಕೊಳ್ಳುತ್ತಾರೆ. ಆದರೆ ನನ್ನ ಮಗಳಿಗೆ ಏನೂ ಆಗಲೇ ಇಲ್ಲವೆಂದು ಹೈಕೋರ್ಟಿನ ಕಡತದಲ್ಲಿ ಉಳಿಯಬಾರದು. ಕಡತದಲ್ಲಿ ಒಮ್ಮೆ ಉಳಿದದ್ದು ನೂರು ವರ್ಷ ಇರುತ್ತದೆ, ನನಗೆ ಗೊತ್ತು.

ಅಕ್ಟೋಬರ್ ಕೊನೆಯೊಳಗೆ ನೀನು ತಿದ್ದದಿದ್ದರೆ ನಾನೇ ಕೋರ್ಟಿಗೆ ಬರೆಯುತ್ತೇನೆ.

ಸರಳಾ


ಯಲಹಂಕ
26 ಅಕ್ಟೋಬರ್ 2020

ಸರಳಾ,

ನೀನು ಹೇಳಿದ್ದು ಆಯಿತು. ನಿಂತು ಓದಬೇಡ, ಕೂತುಕೋ.

ಮೊದಲು ವಿರೂಪಾಕ್ಷರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಕೋರ್ಟ್ ಕೇಳಿಲ್ಲ, ಸರ್ಕಾರಿ ವಕೀಲರು ಕೇಳಿಲ್ಲ. ನೀವಾಗೇ ಯಾಕೆ ಹೇಳ್ತೀರಾ?" ಎಂದರು. ನನ್ನ ತಂಗಿ ಕೇಳಿದ್ದಾಳೆ ಎಂದೆ. ಹಾಗಾದರೆ ಅರ್ಜಿಯಿಂದ ಹೊರಗೆ ಬಂದುಬಿಡಿ, ಉಳಿದ ಮೂವರಿಗೆ ಏಟು ಬೀಳುವುದು ಬೇಡ ಎಂದರು. ಹೊರಗೆ ಬರುವುದಕ್ಕೂ ಒಪ್ಪಿದೆ. ಆದರೆ ಹೊಸ ಪ್ರಮಾಣಪತ್ರ ಹಾಕಿಯೇ ಬರುತ್ತೇನೆಂದು ಹಟ ಹಿಡಿದೆ. ಒಂಬತ್ತನೇ ಪ್ಯಾರಾ ಸುಳ್ಳು, 2014ರಲ್ಲಿ ನನ್ನ ಕೈಯಲ್ಲಿದ್ದ ಬಂದೂಕಿನಿಂದ ನನ್ನ ಸೋದರ ಸೊಸೆಯ ಎಡಗಣ್ಣು ಹೋಗಿದೆ, ಬಂದೂಕಿನಲ್ಲಿ ದೋಷವಿರಲಿಲ್ಲ, ಆಸ್ಪತ್ರೆಯಲ್ಲಿ ಕೊಟ್ಟ ಹೇಳಿಕೆಯೂ ಸುಳ್ಳು. ನಾಲ್ಕೇ ಸಾಲು.

ಬ್ಯಾಟರಾಯಪ್ಪನವರಿಗೆ ಗೊತ್ತಾಗಿ ಅಂಗಡಿಗೇ ಬಂದರು. "ಇಂಗ್ ಮಾಡ್ಬಿಟ್ಟಲ್ಲಪ್ಪಾ! ನಿಮ್ಮನೆ ಕತೆಗೆ ನಮ್ಮುನ್ಯಾಕೆ ಬಲಿ ಕೊಡ್ತೀಯಾ? ನಾನ್ ಯಾರ್ ಕಣ್ ತೆಗ್ದಿದ್ದೆ?" ಎಂದು ಜನರ ಮುಂದೆಯೇ ಕೂಗಾಡಿದರು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ರಸೂಲ್ ಹತ್ತಿರವೂ ಹೋಗಿದ್ದೆ. ಕುಕ್ಕರಿನ ಹಿಡಿ ಕೂರಿಸುತ್ತಿದ್ದವನು ಏಳಲಿಲ್ಲ. "ಕೂತ್ಕೊಳ್ಳಿ ಸಾರ್" ಎಂದ. ಎಲ್ಲ ಹೇಳಿದೆ. ಹಿಡಿ ಕೂರಿಸಿ ಮುಗಿಸಿದ ಮೇಲೆ, "ನನಗ್ಯಾಕೆ ಹೇಳ್ತೀರಾ, ನನಗೆ ಗೊತ್ತಲ್ಲಾ. ನನ್ ಮಗ ಸಾಕಿಬ್‌ಗೆ ಹೇಳಿ. ಅಪ್ಪನ ಕೆಲಸದಲ್ಲಿ ಮಗು ಕಣ್ಣು ಹೋಯ್ತು ಅಂತ ಅವನು ಇವತ್ತಿಗೂ ತಿಳ್ಕೊಂಡಿದಾನೆ" ಎಂದು ಫೋನ್ ಮಾಡಿ ಕೈಗೆ ಕೊಟ್ಟ. ಆ ಹುಡುಗನಿಗೆ ಹೇಳಿದೆ. ಅವನು ಫೋನ್ ಇಟ್ಟುಬಿಟ್ಟ.

ಇಷ್ಟೆಲ್ಲ ಆದ ಮೇಲೆ ಕೋರ್ಟಿನಲ್ಲಿ ಏನಾಯಿತು ಗೊತ್ತೇ? ಕೇಸು ಕರೆದರು. "ಅರ್ಜಿದಾರರೊಬ್ಬರು ಹಿಂದೆ ಸರಿದಿದ್ದಾರೆ" ಎಂದು ವಿರೂಪಾಕ್ಷ ಹೇಳಿದರು. ಸರಿ ಎಂದರು. ಮುಂದಿನ ದಿನಾಂಕ ಕೊಟ್ಟರು. ಎರಡು ನಿಮಿಷ. ಆ ನಾಲ್ಕು ಸಾಲನ್ನು ಯಾರೂ ಓದಲಿಲ್ಲ. ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ ಸರಳಾ. ಹೇಳಿದ ದಿನ ಕೇಳುವವರೇ ಇಲ್ಲ.

ನಿನ್ನೆ ಆಯುಧಪೂಜೆ. ಅಂಗಡಿ ತೆರೆಯಲಿಲ್ಲ.

ಅಣ್ಣ


ಸಂಜಯನಗರ
8 ನವೆಂಬರ್ 2020

ಮಾವ,

ನಾನು ಕೀರ್ತಿ. ಅಮ್ಮನ ಬೀರುವಿನಲ್ಲಿ ನನ್ನ ಡಿಗ್ರಿ ಸರ್ಟಿಫಿಕೇಟ್ ಹುಡುಕುವಾಗ ನಿಮ್ಮ ಪತ್ರಗಳು ಸಿಕ್ಕವು. ಅಮ್ಮ ತಾನು ಬರೆದದ್ದಕ್ಕೂ ಜೆರಾಕ್ಸ್ ಇಟ್ಟುಕೊಂಡಿದ್ದಾಳೆ, ಕಚೇರಿ ಬುದ್ಧಿ. ಎಲ್ಲವನ್ನೂ ಓದಿದೆ.

ಒಂಬತ್ತು ತಿಂಗಳಿಂದ ನೀವಿಬ್ಬರೂ ನನ್ನ ಕಣ್ಣಿನ ಬಗ್ಗೆ ಬರೆದುಕೊಳ್ಳುತ್ತಿದ್ದೀರಿ. ಅದು ಯಾವ ಕಡತದಲ್ಲಿರಬೇಕು, ಯಾವ ಪ್ಯಾರಾದಲ್ಲಿ ಇರಬಾರದು, ಯಾರಿಗೆ ಗೊತ್ತಿರಬೇಕು. ನಾನು ಪಕ್ಕದ ರೂಮಿನಲ್ಲೇ ಇದ್ದೆ ಮಾವ! ಕಣ್ಣು ಹೋದರೆ ಹೇಗಿರುತ್ತದೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಕಾಫಿ ಬಗ್ಗಿಸುವಾಗ ಲೋಟದ ಅಂಚಿಗೆ ಬೆರಳು ತಾಗಿಸಿಕೊಂಡು ಬಗ್ಗಿಸುತ್ತೇನೆ. ಎಡಗಡೆಯಿಂದ ಬಂದು ಯಾರಾದರೂ ಮಾತಾಡಿಸಿದರೆ ಬೆಚ್ಚಿಬೀಳುತ್ತೇನೆ. ಪ್ರತಿಯೊಂದು ಫಾರ್ಮಿನಲ್ಲೂ 'ಕಾರಣ' ಎಂದಿರುವ ಕಡೆ ನೀವು ಹೇಳಿಕೊಟ್ಟ ಕಲ್ಲಿನ ಕತೆಯನ್ನೇ ನನ್ನ ಕೈಯಿಂದ ಬರೆದಿದ್ದೇನೆ. ಫ್ರೆಂಡ್ಸಿಗೂ ಅದೇ ಹೇಳಿದ್ದೇನೆ.

ವಕೀಲರಿಗೆ ಹೇಳಿದಿರಿ. ಕೋರ್ಟಿಗೆ ಹೇಳಿದಿರಿ. ರಸೂಲ್ ಅಂಕಲ್‌ಗೆ, ಅವರ ಮಗನಿಗೂ ಹೇಳಿದಿರಿ. ಯಾರೂ ಕೇಳಲಿಲ್ಲ ಎಂದು ಬೇಜಾರು ಮಾಡಿಕೊಂಡಿದ್ದೀರಿ. ನನಗೆ ಹೇಳಿದ್ದೀರಾ?

ಒಂದು ಭಾನುವಾರ ಬನ್ನಿ. ಪತ್ರ ಬೇಡ.

ಕೀರ್ತಿ


ಯಲಹಂಕ
12 ಡಿಸೆಂಬರ್ 2020

ಕೀರ್ತಿ ಮಗಳೇ,

ನಾಲ್ಕು ಭಾನುವಾರ ಹೋದವು. ಒಂದು ಸಲ ನಿಮ್ಮ ರಸ್ತೆಯ ತಿರುವಿನವರೆಗೂ ಬಂದು ವಾಪಸಾದೆ. ಪತ್ರ ಬೇಡ ಎಂದಿದ್ದೀಯ, ಆದರೂ ಇದನ್ನು ಬರೆಯದಿದ್ದರೆ ಮತ್ತೆ ವಾಪಸಾಗುತ್ತೇನೇನೋ. ನನ್ನ ಕಾರಿನ ಡ್ರೈವರ್ ಕೈಯಲ್ಲಿ ಇವತ್ತೇ ಕಳಿಸುತ್ತಿದ್ದೇನೆ.

ಬಂದೂಕು ಒಪ್ಪಿಸಲು ನಾಳೆ ಕೊನೆಯ ದಿನ. ನಿನ್ನೆಯೇ ತಾತನ ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಿದೆ. ನನ್ನ ಅಂಗಡಿಯಲ್ಲೇ ಇಟ್ಟುಕೊಳ್ಳಬಹುದಿತ್ತು, ಮನಸ್ಸಾಗಲಿಲ್ಲ. ಅಲ್ಲಿ ದಾಖಲೆ ಬರೆಯುವ ರೈಟರ್ ಪುಸ್ತಕ ತೆಗೆದು, "ವರ್ಕಿಂಗ್ ಕಂಡಿಷನ್ನಾ ಸಾರ್?" ಎಂದು ಕೇಳಿದ. ಹೌದು, ಯಾವತ್ತೂ ಕೆಟ್ಟಿರಲಿಲ್ಲ ಎಂದೆ. ಬರೆದುಕೊಂಡ. ನನ್ನ ಪ್ರಮಾಣಪತ್ರವನ್ನು ಕೋರ್ಟು ಓದದಿದ್ದರೂ ಸರ್ಕಾರದವರು ಓದಿದ್ದಾರೆ. ಅಂಗಡಿಯ ಲೈಸೆನ್ಸ್ ಯಾಕೆ ರದ್ದು ಮಾಡಬಾರದು ಎಂದು ನೋಟಿಸ್ ಬಂದಿದೆ. ಉಳಿದವರ ಕೇಸು ಇನ್ನೂ ನಡೆಯುತ್ತಲೇ ಇದೆ.

ನಾಳೆ ಹನ್ನೊಂದು ಗಂಟೆಗೆ ಬರುತ್ತೇನೆ.

ನಿನ್ನ ಮಾವ


ಸಂಜಯನಗರ
17 ಡಿಸೆಂಬರ್ 2020

ಅಣ್ಣ,

ಭಾನುವಾರ ನೀನು ಹೋದ ಮೇಲೆ ಇಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಕೀರ್ತಿ ಆ ಪ್ರಶ್ನೆ ಕೇಳುತ್ತಾಳೆಂದು ನನಗೂ ತಿಳಿದಿರಲಿಲ್ಲ. ನೀನು ಎಲ್ಲ ಹೇಳಿ ಮುಗಿಸಿದ್ದೆ, ಸ್ಪ್ರಿಂಗಿನದು, ಪೊಲೀಸಿನದು. ಇಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಆಗ ಅವಳು "ಮಾವಾ, ನಾನು ಮೆಟ್ಟಿಲ ಮೇಲೆ ನಿಂತಿದ್ದು ನಿಮಗೆ ಕಾಣಿಸ್ತಾ ಇತ್ತಾ?" ಅಂದಳು. ಇಲ್ಲ ಎಂದುಬಿಡು ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಒಂಬತ್ತು ತಿಂಗಳು ನಿಜ ಹೇಳು ಎಂದು ನಿನ್ನ ಪ್ರಾಣ ತಿಂದವಳು, ಆ ಒಂದು ಗಳಿಗೆ ಸುಳ್ಳು ಹೇಳಲಿ ಎಂದು ಕಾದೆ.

"ಕಾಣಿಸ್ತಾ ಇತ್ತಮ್ಮಾ. ನಾನೇ ನಿನ್ನ ಕೂಗ್ದೆ, ಇಲ್ನೋಡು ಅಂತ. ನೀನು ತಿರುಗಿದ್ದು ನೋಡಿ ನಕ್ಕೆ. ಬೆರಳು ಟ್ರಿಗರ್ ಮೇಲೇ ಇತ್ತು."

ಅವಳು ತಲೆಯಾಡಿಸಿದಳು. "ಹೌದು, ಕೂಗಿದ್ರಿ. ನನಗೆ ನೆನಪಿದೆ. ಯಾರೂ ಹೇಳ್ಲಿಲ್ಲ, ಅದಕ್ಕೆ ನಾನೇ ಕಟ್ಕೊಂಡಿದೀನೇನೋ ಅಂದ್ಕೊಂಡಿದ್ದೆ" ಅಂದಳು. ನೀನು ಅಳುತ್ತಾ ಎದ್ದು ಹೋದೆ. ಅವಳು ಗೇಟಿನವರೆಗೂ ಬಂದು ನಿಂತಿದ್ದಳು, ನೀನು ತಿರುಗಿ ನೋಡಲಿಲ್ಲ.

ಒಳಗೆ ಬಂದವಳು ನನ್ನ ಮುಂದೆ ಕೂತಳು. "ಆಸ್ಪತ್ರೇಲಿ ನೀನು ಸಹಿ ಹಾಕ್ದಾಗ ನಾನು ಎಲ್ಲಿದ್ದೆ ಅಮ್ಮಾ?"

"ಆಪರೇಷನ್ ಥಿಯೇಟರಿನಲ್ಲಿ."

"ಯಾಕೆ ಹಾಕ್ದೆ?"

ನೀನು ಬಲವಂತ ಮಾಡಿದೆ ಎಂದು ಹೇಳಬಹುದಿತ್ತು. ಆದರೆ ನೀನು ಬಲವಂತ ಮಾಡಿರಲಿಲ್ಲ. ಪೆನ್ನು ಕೊಟ್ಟೆ, ಅಷ್ಟೆ. ಅವಳ ಅಪ್ಪನಿಗೆ ಆಗಲೇ ಕಾಯಿಲೆ, ಹೆಚ್ಚು ದಿನ ಉಳಿಯುವುದಿಲ್ಲವೆಂದು ಗೊತ್ತಿತ್ತು. ಅಣ್ಣ ಜೈಲಿಗೆ ಹೋದರೆ ನನಗೆ ಅಂತ ಯಾರಿರುತ್ತಾರೆ ಎಂದು ಲೆಕ್ಕ ಹಾಕಿದೆ. ಕಣ್ಣು ಹೇಗೂ ಹೋಗಿದೆ, ಅಣ್ಣನೂ ಹೋಗುವುದು ಬೇಡ ಎಂದು ಸಹಿ ಹಾಕಿದೆ. ಹಾಗೆಯೇ ಹೇಳಿದೆ ಅವಳಿಗೆ, ಒಂದು ಮಾತನ್ನೂ ಬಿಡದೆ.

ನಿನ್ನ ಜೊತೆ ಅವಳು ಮಾತಾಡಿದಳು. ನನ್ನ ಜೊತೆ ನಾಲ್ಕು ದಿನದಿಂದ ಒಂದು ಮಾತೂ ಇಲ್ಲ. ಊಟ ಮಾಡುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ, ರೂಮಿಗೆ ಹೋಗುತ್ತಾಳೆ. ಇದನ್ನು ನೀನು ಆರು ವರ್ಷ ಹೇಗೆ ತಡೆದುಕೊಂಡೆಯೋ, ನನಗೆ ನಾಲ್ಕು ದಿನಕ್ಕೇ ಸಾಕಾಗಿದೆ.

ಬಾಗಿಲು ಮಾತ್ರ ಹಾಕಿಕೊಂಡಿಲ್ಲ. ಈಗಲೂ ಇಲ್ಲಿಂದ ಕಾಣಿಸುತ್ತಿದೆ, ಮಂಚದ ಮೇಲೆ ಕಾಲು ಮಡಚಿಕೊಂಡು ಏನೋ ಓದುತ್ತಿದ್ದಾಳೆ. ಎರಡು ಸಲ ಹೊಸ್ತಿಲವರೆಗೆ ಹೋಗಿ ಬಂದೆ. ಈ ಪತ್ರಕ್ಕೆ ಅಂಟು ಹಚ್ಚಿ ಒಳಗೆ ಹೋಗುತ್ತೇನೆ.

ಸರಳಾ